ಚರಿಗಿಯ ಮೇಲಿನ ನಾಲ್ಕು ಚುಕ್ಕಿ

ಪಕ್ಕದ ಮನೆಯ ಕಾಕಾ ಸುತ್ತಿಗೆಯನ್ನು ಎಡಗೈಯಲ್ಲಿ ಹಿಡಿಯುತ್ತಿದ್ದರು ಎಂದು ದಿನಚರಿಯಲ್ಲಿ ಬರೆದು, ಆಮೇಲೆ ಹೊಡೆದುಹಾಕಿದ್ದೇನೆ. ಬಲಗೈಯೇ ಇದ್ದೀತು. ನಾನು ಅವರ ಎದುರಿಗೆ ಕೂರುತ್ತಿದ್ದೆ. ಎದುರಿಗೆ ಕೂತು ನೋಡಿದ್ದು ಇಷ್ಟು ವರ್ಷಗಳ ಮೇಲೆ ಎಡಬಲ ಅದಲುಬದಲಾಗಿ ನೆನಪಾಗಬಹುದು. ಮುಂದೆ ಬರೆಯುವುದರಲ್ಲಿಯೂ ಇಂಥ ತಪ್ಪುಗಳಿರಬಹುದು. ನಾನು ಇತಿಹಾಸದಲ್ಲಿ ಎಂ.ಎ. ಮಾಡಿದವಳು. ಬೇರೆಯವರ ನೆನಪನ್ನು ಹೇಗೆ ಅನುಮಾನಿಸಬೇಕೆಂದು ಎರಡು ವರ್ಷ ಕಲಿತೆ. ನನ್ನ ನೆನಪನ್ನು ಏನು ಮಾಡಬೇಕೆಂದು ಯಾರೂ ಕಲಿಸಲಿಲ್ಲ.

ಅವರು ನೆನಪಾದದ್ದು ಹುಣಸೆಹಣ್ಣಿನ ವಾಸನೆಯಿಂದ. ಹಿತ್ತಾಳೆಗೆ ಹುಳಿ ತಗುಲಿದಾಗ ಏಳುವ, ಹಲ್ಲು ಜುಮ್ಮೆನ್ನಿಸುವ ವಾಸನೆ... ಕಳೆದ ತಿಂಗಳು ಹುಬ್ಬಳ್ಳಿಯ ವಿದ್ಯಾನಗರದ ನಮ್ಮ ಮನೆಯ ಹಿತ್ತಲಲ್ಲಿ ಕೂತು ಒಂದು ಹಳೆಯ ಚರಿಗಿಯನ್ನು, ಅಂದರೆ ತಂಬಿಗೆಯನ್ನು, ತಿಕ್ಕುತ್ತಿದ್ದೆ. ಅದು ಧಾರವಾಡದ ಒಂದು ಹೆಣ್ಣುಮಕ್ಕಳ ಶಾಲೆಯ ಗಾಜಿನ ಕಪಾಟಿಗೆ ಹೋಗಬೇಕಿತ್ತು. ಶಾಲೆಯವರು, ‘ಸ್ವಲ್ಪ ಬೆಳಗಿಸಿ ಕೊಡ್ರಿ’ ಎಂದಿದ್ದರು.

ಆ ಶಾಲೆಯನ್ನು ಕಟ್ಟಿದವರನ್ನು ಊರವರು ಅಕ್ಕೋರು ಎಂದೇ ಕರೆಯುತ್ತಿದ್ದರು. ಈಗಲೂ ಹಾಗೆಯೇ ಕರೆಯುತ್ತಾರೆ. ಹೆಣ್ಣುಮಕ್ಕಳು ಪಾಟಿ ಬಳಪ ಹಿಡಿದರೆ ಜನ ನಗುತ್ತಿದ್ದ ಕಾಲದಲ್ಲಿ, ಬಾಡಿಗೆ ಮನೆಯ ಪಡಸಾಲೆಯಲ್ಲಿ ಏಳೆಂಟು ಹುಡುಗಿಯರನ್ನು ಕೂರಿಸಿಕೊಂಡು ಶಾಲೆ ತೆರೆದವರು. ನಾನು ತಿಕ್ಕುತ್ತಿದ್ದ ಚರಿಗಿಯ ಕೊರಳಿನ ಮೇಲೆ ಅವರ ಹೆಸರಿದೆ. ‘ಇವರಿಂದ ಅಕ್ಕನ ಮಗಳ ಲಗ್ನಕ್ಕೆ’ ಎಂದಿದೆ. ಆಮೇಲೆ ಮದುಮಗಳ ಹೆಸರು, ಅಂದರೆ ನಮ್ಮ ಮುತ್ತಜ್ಜಿಯ ಹೆಸರು. ಆಮೇಲೆ ‘ಧಾರವಾಡ’, ಕೊನೆಗೆ ಇಸವಿ. ಆ ಇಸವಿಯನ್ನು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಲೇಖನದಲ್ಲಿ ಅಚ್ಚು ಹಾಕಿಸಿ ಪಡುತ್ತಿರುವ ಪಾಡೇ ಸಾಕು. ನೂರಕ್ಕೂ ಹೆಚ್ಚು ವರ್ಷದ ಹಿಂದಿನದು ಎಂದರೆ ಆಯಿತು.

ಹುಳಿ ಹಚ್ಚಿ ತೊಳೆದಾಗ ಇಸವಿಯ ಪಕ್ಕದಲ್ಲಿ ಗಟ್ಟಿಯಾಗಿ ಕೂತಿದ್ದ ಕಪ್ಪು ಬಿಟ್ಟುಕೊಂಡಿತು. ಅದರ ಕೆಳಗೆ ನಾಲ್ಕು ಚುಕ್ಕಿಗಳಿದ್ದವು. ಮೇಲೊಂದು, ಕೆಳಗೊಂದು, ಆಚೆಗೊಂದು, ಈಚೆಗೊಂದು. ನಡುವೆ ಏನೂ ಇಲ್ಲ. ಒಂದು ಸಣ್ಣ ಹೂವಿನ ಹಾಗೆ.

ನಳ ನಿಲ್ಲಿಸಿದೆ. ಆ ಹೂವು ಇಟ್ಟವರು ಯಾರೆಂದು ನನಗೆ ಗೊತ್ತು. ಚರಿಗಿಯ ಮೇಲಿನ ಇಸವಿಯಲ್ಲಿ ಅವರು ಇನ್ನೂ ಹುಟ್ಟಿರಲಿಲ್ಲ.

ನಾನು ಎಂಟೊಂಬತ್ತು ವರ್ಷದವಳಿದ್ದಾಗ ನಾವು ಹುಬ್ಬಳ್ಳಿಯ ಹಳೆಯ ಪೇಟೆಯ ಒಂದು ಓಣಿಯಲ್ಲಿದ್ದೆವು. ಪಕ್ಕದ ಮನೆಯವರೇ ಕಾಕಾ. ಭಾಂಡೆಗಳ, ಅಂದರೆ ಪಾತ್ರೆಗಳ ಮೇಲೆ ಹೆಸರು ಕೊರೆಯುವುದು ಅವರ ಉದ್ಯೋಗ. ಹಗಲು ಪೇಟೆಯ ಒಂದು ಭಾಂಡೆ ಅಂಗಡಿಯ ಮೆಟ್ಟಿಲ ಮೇಲೆ ಕೂರುತ್ತಿದ್ದರು. ಸಂಜೆ ಮನೆಯ ಕಟ್ಟೆಯ ಮೇಲೆ. ಆಗ ಅವರಿಗೆ ಅರವತ್ತರ ಆಸುಪಾಸು ಇದ್ದಿರಬೇಕು, ಆದರೆ ಒಂಬತ್ತು ವರ್ಷದ ಹುಡುಗಿಗೆ ನಲವತ್ತೂ ಅರವತ್ತೂ ಒಂದೇ... ಎರಡು ಕಾಲುಗಳ ನಡುವೆ ಮಡಚಿದ ಗೋಣಿಚೀಲ, ಅದರ ಮೇಲೆ ಬೋರಲು ಹಾಕಿದ ಭಾಂಡೆ, ಕೈಯಲ್ಲಿ ಬೆರಳುದ್ದದ ಉಳಿ. ಲಗ್ನದ ದಿನಗಳಲ್ಲಿ ಕಟ್ಟೆ ತುಂಬ ತಾಟು, ಕೊಡ, ಚರಿಗಿಗಳ ರಾಶಿ. ಟಕ್ ಟಕ್ ಸದ್ದು ನಿಂತರೆ ಕಾಕಾ ಚಹಾ ಕುಡಿಯುತ್ತಿದ್ದಾರೆಂದು ಓಣಿಗೆಲ್ಲ ಗೊತ್ತಾಗುತ್ತಿತ್ತು.

ಮೊದಲು ಭಾಂಡೆಗೆ ಖಡು, ಅಂದರೆ ಸೀಮೆಸುಣ್ಣ ಸವರಿ, ಅದರ ಮೇಲೆ ಪೆನ್ಸಿಲಿನಿಂದ ಅಕ್ಷರ ಬರೆಯುತ್ತಿದ್ದರು. ಆಮೇಲೆ ಗಿರಾಕಿಯ ಕಡೆ ತಿರುಗಿಸಿ, “ಓದ್ರಿ. ಗಟ್ಟಿಯಾಗಿ ಓದ್ರಿ” ಅನ್ನುತ್ತಿದ್ದರು. ಮನಸ್ಸಿನಲ್ಲಿ ಓದಿಕೊಂಡರೆ ಒಪ್ಪುತ್ತಿರಲಿಲ್ಲ. ಓದಲು ಬಾರದವರು ಬಂದರೆ ನನ್ನನ್ನು ಕರೆಯುತ್ತಿದ್ದರು. “ಬಾ ಇಲ್ಲೆ. ಇವರಿಗೆ ಓದಿ ಹೇಳು. ನನ್ನ ಕಡೆ ನೋಡಬ್ಯಾಡ, ಅಕ್ಷರದ ಕಡೆ ನೋಡು.” ನಾನು ಓದುತ್ತಿದ್ದೆ. ಅವರು ಹೂಂ ಅಂದ ಮೇಲೆಯೇ ಉಳಿ ಭಾಂಡೆಗೆ ತಾಗುತ್ತಿತ್ತು. ಪರೀಕ್ಷೆಯ ಭಯವಿಲ್ಲದೆ, ನಾಲ್ಕು ಜನರೆದುರು ನಾನು ಓದಲು ಕಲಿತದ್ದು ಆ ಕಟ್ಟೆಯ ಮೇಲೆಯೇ.

ಒಂದು ಸಲ ಒಬ್ಬ ಹೆಣ್ಣುಮಗಳು ಅಳಿಯನಿಗೆ ಕೊಡುವ ತಾಟು ತಂದಿದ್ದಳು. ಹೆಸರಿನ ಮುಂದೆ ಬಿ.ಎ. ಎಂದು ಹಾಕಬೇಕೆಂದಳು.

“ಪಾಸ ಆಗ್ಯಾರೇನ್ರಿ?” ಅಂದರು ಕಾಕಾ.

“ಪರೀಕ್ಷಾ ಬರದಾನ್ರಿ. ಆಗೇ ಆಗತಾನ.”

“ಹಂಗಾರ ಜಾಗಾ ಬಿಟ್ಟಿರತೇನ್ರಿ. ಪಾಸ ಆದ ಮ್ಯಾಲ ತಾಟ ತಗೊಂಡ ಬರ್ರಿ, ಎರಡ ಅಕ್ಷರ ಹಾಕಿ ಕೊಡತೇನಿ.”

ಅವಳು ಸಿಟ್ಟಾದಳು. ಕಾಕಾ ಮಾತ್ರ ಹೆಸರಿನ ಮುಂದೆ ಎರಡು ಅಕ್ಷರದಷ್ಟು ಜಾಗ ಬಿಟ್ಟು, ಉಳಿದದ್ದನ್ನು ಕೊರೆದು ಕೊಟ್ಟರು. ಆ ತಾಟು ಮರಳಿ ಬಂದದ್ದನ್ನು ನಾನು ನೋಡಲಿಲ್ಲ.

ಪ್ರತಿ ಬರಹದ ಕೊನೆಗೆ ನಾಲ್ಕು ಚುಕ್ಕಿಯ ಆ ಹೂವು. ನನ್ನ ಶಾಲೆಯ ಡಬ್ಬಿಯ ಮೇಲೂ ಇತ್ತು. ಯಾಕೆಂದು ಕೇಳಿದ್ದೆ. “ನಮ್ಮ ಉಸ್ತಾದರು ಒಂದ ಚುಕ್ಕಿ ಇಡತಿದ್ರು. ನಾ ನಾಕ ಇಟ್ಟೆ. ಯಾರ ಕೈ ಅಂತ ಗೊತ್ತಾಗಬೇಕಲ್ಲ,” ಅಂದಿದ್ದರು. ಕೆಲವರು ಸವೆದುಹೋದ ಹಳೆಯ ಅಕ್ಷರಗಳನ್ನು ತಿದ್ದಿಸಲು ತರುತ್ತಿದ್ದರು. ಅಂಥ ಭಾಂಡೆಗೆ ಹೂವು ಇಡುತ್ತಿರಲಿಲ್ಲ. ನಾನು ನೆನಪಿಸಿದಾಗ ಹೀಗೆಂದರು: “ಹಳೇ ಅಕ್ಷರ ತಿದ್ದಿದರ ಹೂ ಇಡಂಗಿಲ್ಲ. ಅದು ನನ್ನ ಬರವಣಿಗಿ ಅಲ್ಲ.”

ಹೀಗೆಂದರು ಎಂದು ಬರೆದೆ. ನಿಜವಾಗಿ ಅಂದರೇ? ಅಥವಾ ಕಳೆದ ತಿಂಗಳು ಚುಕ್ಕಿಗಳನ್ನು ಕಂಡ ಮೇಲೆ, ಬೇಕಾಗಿದ್ದ ಮಾತನ್ನು ನಾನೇ ಅವರ ಬಾಯಲ್ಲಿ ಇಟ್ಟೆನೇ? ಈ ಒಂದು ಮಾತಿನ ಮೇಲೆ ಎಲ್ಲವೂ ನಿಂತಿದೆ. ಅದು ನಿಜವಾದರೆ ಚರಿಗಿಯ ಬರಹ ಹಳೆಯದಲ್ಲ, ಕಾಕಾ ಹೊಸದಾಗಿ ಕೊರೆದದ್ದು. ಅದನ್ನು ಕೇಳಿಸಿಕೊಂಡ ಸಾಕ್ಷಿ ಒಬ್ಬಳೇ. ಅವಳಿಗಾಗ ಒಂಬತ್ತು ವರ್ಷ.

ಎಲ್ಲವೂ ಅಂದರೆ ಏನು ಎನ್ನುವುದನ್ನು ಹೇಳಬೇಕು. ಅಕ್ಕೋರ ಬದುಕಿನ ಬಗ್ಗೆ ನನಗೆ ಸಿಕ್ಕ ಆಧಾರಗಳು ಎರಡು. ಒಂದು, ಶಾಲೆಯ ಹಳೆಯ ಸ್ಮರಣ ಸಂಚಿಕೆ. ಅವರು ಉಪ್ಪಿನಬೆಟಗೇರಿಯಲ್ಲಿ ಹುಟ್ಟಿದರು, ಚಿಕ್ಕ ವಯಸ್ಸಿನಲ್ಲಿಯೇ ಗಂಡನನ್ನು ಕಳೆದುಕೊಂಡರು, ಹಿಂದೆ ಮುಂದೆ ಯಾರೂ ಇಲ್ಲದೆ ಒಂದು ಗಂಟು ಹಿಡಿದು ಧಾರವಾಡಕ್ಕೆ ಬಂದರು ಎನ್ನುತ್ತದೆ ಅದು. ಇನ್ನೊಂದು, ಈ ಚರಿಗಿ. ಇದರ ಪ್ರಕಾರ ಅವರಿಗೆ ಒಬ್ಬ ಅಕ್ಕ ಇದ್ದಳು, ಆ ಅಕ್ಕನ ಮಗಳು ನಮ್ಮ ಮುತ್ತಜ್ಜಿ. ಮುತ್ತಜ್ಜಿಯ ತಾಯಿಯ ತವರಿನವರು ತಲೆತಲಾಂತರದಿಂದ ಧಾರವಾಡದವರು. ಹಾಗಾದರೆ ಅಕ್ಕೋರೂ ಅಲ್ಲಿಯವರೇ. ಸಂಚಿಕೆಯಲ್ಲಿ ಬರೆದದ್ದು ಅವರು ತೀರಿಹೋಗಿ ಎಷ್ಟೋ ವರ್ಷಗಳ ಮೇಲೆ, ಅವರಿವರು ಹೇಳಿದ್ದನ್ನು ಕೇಳಿ. ಚರಿಗಿಯ ಬರಹ ಅವರ ಕಾಲದ್ದು. ಕೇಳಿಬಂದ ಮಾತಿಗಿಂತ ಲೋಹ ಹೆಚ್ಚು ಎಂದು ತೀರ್ಮಾನಿಸಿದೆ. ಎರಡು ವರ್ಷದ ಕೆಳಗೆ ಶಾಲೆಯ ಹೊಸ ಸಂಚಿಕೆಗೆ ಲೇಖನ ಬರೆದು, ಉಪ್ಪಿನಬೆಟಗೇರಿಯ ಮಾತು ಜನರ ಕಲ್ಪನೆ ಎಂದುಬಿಟ್ಟೆ. ಕಲ್ಪನೆ ಎನ್ನುವ ಶಬ್ದವನ್ನೇ ಬಳಸಿದ್ದೆ.

ಆ ಚಳಿಗಾಲದಲ್ಲಿ ಉಪ್ಪಿನಬೆಟಗೇರಿಯಿಂದ ಒಬ್ಬ ಹಿರಿಯರು ವಿಳಾಸ ಹುಡುಕಿಕೊಂಡು ಮನೆಗೆ ಬಂದರು. ಕೈಯಲ್ಲಿ ಒಂದು ಹೊರೆ ಸುಲಗಾಯಿ, ಹೊಲದಿಂದ ಆಗಷ್ಟೇ ಕಿತ್ತ ಹಸಿ ಕಡಲೆಯ ಗಿಡಗಳು. ಬಾಗಿಲಲ್ಲಿ ಮಣ್ಣು ಉದುರೀತೆಂದು ಹೊರಗೇ ಝಾಡಿಸಿ ಒಳಗೆ ಬಂದರು.

“ನಿಮ್ಮ ಬರವಣಿಗಿ ಛಲೋ ಐತ್ರಿ ಮೇಡಮ್ಮಾರ. ಮೊಮ್ಮಗಳ ಕಡೆ ಎರಡ ಸಲ ಓದಿಸಿ ಕೇಳೇನಿ,” ಅಂದರು. ಚಹಾ ಕುಡಿದು ಕಪ್ಪು ಕೆಳಗಿಟ್ಟ ಮೇಲೆ, “ಆದರ ಒಂದ ಚರಿಗಿ ತೋರಿಸಿ ನಮ್ಮ ಅಕ್ಕೋರನ್ನ ಒಯ್ದಬಿಟ್ರೆಲ್ರಿ,” ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ನಗೆಯೇ ಇತ್ತು.

“ನಿಮ್ಮ ಕಡೆ ಏನರ ಕಾಗದ ಐತೇನ್ರಿ ಅಜ್ಜಾರ?”

“ಕಾಗದ ಎಲ್ಲೀದ್ರಿ. ಅಕ್ಕೋರು ಊರ ಬಿಟ್ಟ ದಿನ ನಮ್ಮಜ್ಜಿ ರೊಟ್ಟಿ ಬುತ್ತಿ ಕಟ್ಟಿಕೊಟ್ಟಿದ್ಲಂತ. ಹೆಣಮಕ್ಕಳೆಲ್ಲಾ ಊರ ಅಗಸಿ ಬಾಗಲಾ ಮಟಾ ಕಳಿಸಾಕ ಹೋಗಿದ್ರಂತ. ನಮ್ಮವ್ವ ಹೇಳತಿದ್ಲು.”

ನೆನಪೊಂದೇ ಸಾಲುವುದಿಲ್ಲ ಎಂದು ನಾನು ವಿವರಿಸಿದೆ. ವಿವರಿಸುವಾಗ ನನ್ನ ಮುಖದ ಮೇಲಿದ್ದ ನಗೆ ಈಗ ನೆನಪಾದರೆ ನಾಚಿಕೆಯಾಗುತ್ತದೆ. ಅವರ ಊರಿನಲ್ಲಿ ಓದುವ ಕೋಣೆಯೊಂದಕ್ಕೆ ಅಕ್ಕೋರ ಹೆಸರಿಡಬೇಕೆಂದು ಮಾತಾಗಿತ್ತಂತೆ. ಪಂಚಾಯತಿಯಲ್ಲಿ ಯಾರೋ ನನ್ನ ಲೇಖನ ತೋರಿಸಿ, ಅವರು ನಮ್ಮ ಊರಿನವರೇ ಅಲ್ಲವಲ್ಲ ಎಂದದ್ದಕ್ಕೆ ಮಾತು ಅಲ್ಲಿಗೇ ನಿಂತಿತಂತೆ. ಹೊರಡುವಾಗ ಹಿರಿಯರು ಚಪ್ಪಲಿ ಮೆಟ್ಟುತ್ತ, “ನಿಮಗ ಹಿತ್ತಾಳಿ ಐತ್ರಿ. ನಮಗ ಬರೇ ಬಾಯಿ ಐತಿ,” ಅಂದರು. ಆ ರಾತ್ರಿ ಸುಲಗಾಯಿ ಸುಟ್ಟು ತಿಂದೆವು. ಬಹಳ ರುಚಿಯಾಗಿದ್ದವು ಎಂದು ದಿನಚರಿಯಲ್ಲಿದೆ. ಅವರ ಹೆಸರನ್ನು ಬರೆದುಕೊಂಡಿಲ್ಲ.

ಇನ್ನು ಚರಿಗಿ ನಮ್ಮ ಮನೆಯಲ್ಲಿ ಮಹತ್ವದ್ದಾದ ಬಗೆ. ನನ್ನ ಅಪ್ಪನ ತಂಗಿ, ಅಂದರೆ ನನ್ನ ಅತ್ಯಾ, ಅಕ್ಕೋರ ಶಾಲೆಯಲ್ಲಿಯೇ ಮೂವತ್ತಕ್ಕೂ ಹೆಚ್ಚು ವರ್ಷ ಕಲಿಸಿ, ಮುಖ್ಯಾಧ್ಯಾಪಕಿಯಾಗಿ ನಿವೃತ್ತಳಾದವಳು. ನನಗೆ ಅಕ್ಷರ ತಿದ್ದಿಸಿದವಳೂ ಅವಳೇ. ಅವಳು ನೌಕರಿಗೆ ಅರ್ಜಿ ಹಾಕಿದಾಗ, ಅಕ್ಕೋರ ಕಡೆಯವರು ಯಾರಾದರೂ ಇದ್ದರೆ ಮೊದಲು ಅವರನ್ನು ತೆಗೆದುಕೊಳ್ಳುವ ಪದ್ಧತಿ ಆ ಸಂಸ್ಥೆಯಲ್ಲಿತ್ತು. ಮುಂದಿನ ಕಥೆಯನ್ನು ಅತ್ಯಾ ಮನೆಯ ಪ್ರತಿ ಲಗ್ನದಲ್ಲೂ, ಪ್ರತಿ ಮುಂಜಿವೆಯಲ್ಲೂ ಹೇಳಿದ್ದಾಳೆ. “ಸಂಸ್ಥಾದ ಹಿರಿಯರು, ಗುರ್ತು ಏನೈತಿ ಅಂತ ಕೇಳಿದ್ರು. ನಾ ಮಾತಾಡಲಿಲ್ಲ. ಚೀಲದಾಗಿಂದ ಚರಿಗಿ ತಗದು ಮೇಜಿನ ಮ್ಯಾಲ ಇಟ್ಟೆ. ಕನ್ನಡಕಾ ಏರಿಸಿ ಓದಿದ್ರು. ಮುಂದ ಒಂದ ಮಾತು ಕೇಳಲಿಲ್ಲ.” ಪ್ರತಿ ಸಲ ನಾವೆಲ್ಲ ನಗುತ್ತಿದ್ದೆವು.

ಆ ಕಥೆಯಲ್ಲಿ ಚರಿಗಿ ಚೀಲದಿಂದ ಹೊರಗೆ ಬರುತ್ತದೆ. ಚೀಲಕ್ಕೆ ಎಲ್ಲಿಂದ ಬಂತು ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ. ನಮ್ಮ ಅಜ್ಜಿ ಅಟ್ಟದ ಮೇಲಿನ ಒಂದೊಂದು ಭಾಂಡೆಯ ಕಥೆಯನ್ನೂ ಹೇಳುತ್ತಿದ್ದಳು: ಯಾವ ಕೊಡ ಯಾರು ಕೊಟ್ಟದ್ದು, ಯಾವ ತಾಟು ಯಾವ ಜಗಳದಲ್ಲಿ ಡೊಂಕಾದದ್ದು. ಊರೆಲ್ಲ ಹೊಗಳುವ ಅಕ್ಕೋರು ತನ್ನ ಅತ್ತೆಗೆ ಕೊಟ್ಟ ಚರಿಗಿಯ ಬಗ್ಗೆ ಮಾತ್ರ ಅಜ್ಜಿ ಏನೂ ಹೇಳಿದ ನೆನಪಿಲ್ಲ. ನೆನಪಿಲ್ಲ ಎಂದರೆ ಹೇಳಿರಲಿಲ್ಲ ಎಂದಲ್ಲ... ಅದು ನನಗೂ ಗೊತ್ತು.

ಒಂದು ಸಂಜೆ ಮಾತ್ರ ನೆನಪಿದೆ. ಅಥವಾ ಈಗ ನೆನಪಾಗುತ್ತಿದೆ. ಅತ್ಯಾ ಕಾಕಾನ ಕಟ್ಟೆಯ ಮೇಲೆ, ಅವರ ಪಕ್ಕಕ್ಕೆ ಕೂತಿದ್ದಳು. ಎದುರಿಗಲ್ಲ. ಕಾಕಾನ ಮಗಳಿಗೆ ಅವಳು ದಿನಾ ಸಂಜೆ ಗಣಿತ ಹೇಳಿಕೊಡುತ್ತಿದ್ದುದರಿಂದ ಆ ಮನೆಯಲ್ಲಿ ಅವಳ ಮೇಲೆ ಬಹಳ ಪ್ರೀತಿ. ಗೋಣಿಚೀಲದ ಮೇಲೆ ಒಂದು ಚರಿಗಿ ಇತ್ತು. ನಾನು ಓದಲೆಂದು ಓಡಿಹೋದೆ. ಕಾಕಾ, “ಇವತ್ತ ಓದೂದು ಬ್ಯಾಡ. ನೀ ಆಡ ಹೋಗು,” ಅಂದರು. ಅತ್ಯಾಳಿಂದಲೂ ಗಟ್ಟಿಯಾಗಿ ಓದಿಸಲಿಲ್ಲ. ನನಗೆ ಅವಮಾನವಾಗಿತ್ತು. ಅದಕ್ಕೇ ನೆನಪು ಉಳಿದಿದೆ ಎಂದು ಒಂದು ಸಲ ಅನಿಸುತ್ತದೆ. ಅದು ಆ ಚರಿಗಿಯೇ ಎಂದು ಹೇಗೆ ಹೇಳುವುದು ಎಂದು ಇನ್ನೊಂದು ಸಲ.

ಬಿ.ಎ. ಪಾಸಾಗದವನಿಗೆ ಬಿ.ಎ. ಹಾಕದ ಮನುಷ್ಯ, ಮುತ್ತಜ್ಜಿಗೆ ಇಲ್ಲದ ಚಿಕ್ಕಮ್ಮನನ್ನು ಕೊರೆದುಕೊಟ್ಟಾರೆಯೇ? ಬೇರೆ ಸಾಧ್ಯತೆಯೂ ಇದೆ. ಚರಿಗಿಯ ಮೇಲೆ ಅದೇ ಬರಹ ಮೊದಲಿನಿಂದಲೂ ಇದ್ದು, ತಿಕ್ಕಿ ತಿಕ್ಕಿ ಸವೆದಿರಬಹುದು. ಸಂಸ್ಥೆಯ ಹಿರಿಯರ ಕಣ್ಣಿಗೆ ಕಾಣಲೆಂದು ಅತ್ಯಾ ತಿದ್ದಿಸಿರಬಹುದು. ಕಾಕಾ ಕೈಯ ರೂಢಿಯಲ್ಲಿ ಹೂವು ಇಟ್ಟಿರಬಹುದು. ಹಾಗಿದ್ದರೆ ಯಾರದೂ ತಪ್ಪಿಲ್ಲ, ನನ್ನ ಲೇಖನವೂ ಸರಿ. ಭೂತಗನ್ನಡಿ ಹಿಡಿದು ಅಕ್ಷರಗಳ ತಳದಲ್ಲಿ ಹಳೆಯ ಗೆರೆ ಇದೆಯೇ ಎಂದು ಎರಡು ಮಧ್ಯಾಹ್ನ ನೋಡಿದೆ. ಇದೆ ಎಂದುಕೊಂಡು ನೋಡಿದಾಗ ಇದೆ. ಇಲ್ಲ ಎಂದುಕೊಂಡು ನೋಡಿದಾಗ ಇಲ್ಲ.

ಒಂದು ಆಧಾರ ಉಳಿದಿರಬಹುದಿತ್ತು. ಕೊರೆಯಬೇಕಾದದ್ದನ್ನು ಗಿರಾಕಿಗಳು ಚೀಟಿಯಲ್ಲಿ ಬರೆದು ತರುತ್ತಿದ್ದರು. ಕೆಲಸ ಮುಗಿದ ಮೇಲೆ ಕಾಕಾ ಆ ಚೀಟಿಯನ್ನು ಗೋಡೆಯ ಮೊಳೆಗೆ ತೂಗುಹಾಕಿದ್ದ ಒಂದು ತಂತಿಗೆ ಚುಚ್ಚಿಡುತ್ತಿದ್ದರು. ನಾಳೆ ಯಾರಾದರೂ ತಪ್ಪು ನಿಮ್ಮದು ಎಂದರೆ ತೋರಿಸಲು. ಅತ್ಯಾಳ ಅಕ್ಷರದ ಚೀಟಿ ಸಿಕ್ಕರೆ ಎಲ್ಲವೂ ತಿಳಿಯುತ್ತಿತ್ತು. ಕಾಕಾ ತೀರಿಕೊಂಡದ್ದು ನಾನು ಎಂ.ಎ. ಓದುತ್ತಿದ್ದಾಗ. ಆಗ ನಾವು ಓಣಿ ಬಿಟ್ಟಿದ್ದೆವು. ಪರೀಕ್ಷೆ ಹತ್ತಿರವಿದೆ ಎಂದು ನಾನು ನೋಡಲು ಹೋಗಲಿಲ್ಲ. ಚುಕ್ಕಿ ಕಂಡ ವಾರವೇ ಹೋದೆ. ಅದೇ ಕಟ್ಟೆ, ಮೇಲೆ ಈಗ ಟೈಲ್ಸ್ ಹಾಕಿದ್ದಾರೆ. ಅವರ ಸೊಸೆ ಗುರುತು ಹಿಡಿದು ಒಳಗೆ ಕರೆದರು.

“ತಂತಿ ಐತ್ರಿ. ಚೀಟಿ ಇಲ್ಲ. ಮಾವನೋರು ತೀರಿಕೊಂಡ ವರ್ಷ ಮಳಿಗಾಲದಾಗ ಕಟಗಿ ಎಲ್ಲಾ ತೊಯ್ದಿದ್ವು, ಚೀಟಿ ನೀರೊಲಿಗೆ ಹಾಕಿ ಮುಗಿಸಿದ್ವಿ. ನಿಮಗ ಬೇಕಾಗಿದ್ವೇನ್ರಿ?”

ಕಾಕಾ ಸುತ್ತಿಗೆ ಹಿಡಿಯುತ್ತಿದ್ದದ್ದು ಎಡಗೈಯಲ್ಲೋ ಬಲಗೈಯಲ್ಲೋ ಎಂದೂ ಕೇಳಿದೆ. “ಉಂಡದ್ದು ಬಲಗೈರಿ. ಸುತ್ತಿಗಿ ಕಡೆ ಯಾರು ಲಕ್ಷ್ಯ ಕೊಟ್ಟಾರ್ರಿ,” ಅಂದರು ಅವರು. ಹೊರಡುವಾಗ ತಂತಿಯನ್ನು ಒರೆಸಿ ನನ್ನ ಕೈಗೆ ಕೊಟ್ಟರು. ಯಾಕೆ ತೆಗೆದುಕೊಂಡೆನೋ, ಈಗ ನನ್ನ ಮೇಜಿನ ಮೇಲಿದೆ. ತುದಿ ಇನ್ನೂ ಚೂಪಾಗಿದೆ.

ಮರುದಿನ ಶಾಲೆಯ ಕಾರ್ಯದರ್ಶಿಗಳ ಫೋನ್ ಬಂತು. ಬಾಗಿಲಿನ ಪಕ್ಕಕ್ಕೆ ಅಕ್ಕೋರ ಹೆಸರಿನ ಕಲ್ಲು ಕೂರಿಸುತ್ತಿದ್ದಾರೆ. ಒಕ್ಕಣೆ ನನ್ನ ಲೇಖನದಿಂದ ತೆಗೆದದ್ದು.

“ಕೆತ್ತೋರು ಕಾಯಾಕತ್ತಾರ್ರಿ ಮೇಡಮ್ಮಾರ. ‘ಧಾರವಾಡದಲ್ಲಿ ಜನಿಸಿದ’ ಅಂತ ಹಾಕಸಲೇನ್ರಿ?”

“ಆ ಸಾಲಿಗೆ ಜಾಗಾ ಬಿಡಸ್ರಿ,” ಅಂದೆ.

“ಕಲ್ಲಿನ್ಯಾಗ ಜಾಗಾ ಬಿಟ್ಟರ ಹಲ್ಲ ಬಿದ್ದಂಗ ಕಾಣತೈತಲ್ರಿ.”

“ಕಾಣಲಿ ಬಿಡ್ರಿ. ಗೊತ್ತಾದ ಮ್ಯಾಲ ಹಾಕಸೋಣಂತ.”

ಅವರು, “ನೀವೇ ಬರದದ್ದಲ್ರಿ ಇದು?” ಅಂದರು. ಹೌದು ಅಂದೆ.

ಅದೇ ಮಧ್ಯಾಹ್ನ ಬೈರಿದೇವರಕೊಪ್ಪಕ್ಕೆ, ಅತ್ಯಾಳ ಮನೆಗೆ ಹೋದೆ. ಅವಳು ಸಬ್ಬಸಗಿ ಸೊಪ್ಪು ಸೋಸುತ್ತ ಕೂತಿದ್ದಳು. ದಾರಿಯುದ್ದಕ್ಕೂ ಕೇಳಬೇಕಾದದ್ದನ್ನು ಜೋಡಿಸಿಕೊಂಡಿದ್ದೆ. ಅಕ್ಷರ ಮೊದಲೇ ಇದ್ದವೇ, ಚರಿಗಿ ಎಲ್ಲಿಂದ ತಂದೆ, ಚೀಟಿ ಬರೆದದ್ದು ಯಾರು. ಅವಳೆದುರು ಕೂತಾಗ ಅವನ್ನೆಲ್ಲ ಬದಿಗಿಟ್ಟೆ. ಚೀಲದಿಂದ ಚರಿಗಿ ತೆಗೆದು ಮೇಜಿನ ಮೇಲೆ ಇಟ್ಟೆ. ಇಟ್ಟ ಮೇಲೆ ಹೊಳೆಯಿತು, ಅವಳೂ ಹೀಗೆಯೇ ಇಟ್ಟಿದ್ದಳು ಎಂದು.

“ತಿಕ್ಕಿ ತಿಕ್ಕಿ ಬಂಗಾರ ಮಾಡೀಯಲ್ಲ,” ಅಂದಳು.

“ತಿಕ್ಕುವಾಗ ಕಾಕಾ ನೆನಪಾದ್ರು, ಅತ್ಯಾ. ಅವರ ಹೂವು ಕಾಣ್ತು.”

ಸಬ್ಬಸಗಿಯ ಮೇಲೆ ಅವಳ ಬೆರಳು ನಿಂತಿತು. ನಿಲ್ಲಲಿ ಎಂದು ನಾನು ನೋಡುತ್ತಿದ್ದುದರಿಂದ ನಿಂತಂತೆ ಕಂಡಿರಲೂಬಹುದು. “ಛಲೋ ಮನಷ್ಯಾರು,” ಅಂದಳು. “ಹೇಳಿದಷ್ಟ ಕೊರದು ಕೊಡತಿದ್ರು.”

ಆಮೇಲೆ ಅವಳಿಗೆ ಒಂದೇ ಒಂದು ಮಾತು ಕೇಳಿದೆ. ಅವಳು ಕಡ್ಡಿಗಳನ್ನೆಲ್ಲ ಒಂದು ಕಡೆ ಸರಿಸಿ, ಎದ್ದು ಹೋಗಿ ಚಹಾಕ್ಕೆ ಇಟ್ಟಳು. ಚಹಾ ಕುಡಿದೆವು. ಅಂದಿನಿಂದ ದಿನವೂ ಬೆಳಿಗ್ಗೆ ಫೋನ್ ಮಾಡುತ್ತಾಳೆ. ನಳದ ನೀರು ಬಂತೋ ಇಲ್ಲವೋ, ಮಂಡಿ ನೋವು ಹೇಗಿದೆ, ಎಲ್ಲ ಮಾತಾಡುತ್ತಾಳೆ. ಆ ಮಾತಿಗೆ ಮಾತ್ರ ಬರುವುದಿಲ್ಲ. ನಾನೂ ಮತ್ತೆ ಕೇಳಿಲ್ಲ. ಕಲ್ಲಿನಲ್ಲಿ ಒಂದು ಸಾಲಿನ ಜಾಗ ಖಾಲಿ ಇದೆ. ಉಪ್ಪಿನಬೆಟಗೇರಿಯ ಹಿರಿಯರ ಹೆಸರು ನನ್ನ ಬಳಿ ಇಲ್ಲ. ಕಾಕಾ ಇದ್ದಿದ್ದರೆ ಓಣಿಗೆ ಹೋಗಿ ಎದುರಿಗೆ ಕೂರಬಹುದಿತ್ತು. ಅವರು ಇರುವಾಗ ಹೋಗದವಳು ನಾನು...

ಆ ದಿನ ಚರಿಗಿಯ ಅಕ್ಷರಗಳನ್ನು ಅವಳ ಕಡೆ ತಿರುಗಿಸಿ, ಕನ್ನಡಕವನ್ನು ಹತ್ತಿರ ಸರಿಸಿ, ನಾನು ಕೇಳಿದ್ದು ಇಷ್ಟೇ:

“ಅತ್ಯಾ, ಇದನ್ನೊಮ್ಮೆ ಗಟ್ಟಿಯಾಗಿ ಓದತೀಯೇನು?”